ಮೂತ್ರದಲ್ಲಿ ಅಲ್ಬುಮಿನ್ ಕಂಡಿದೆ ಅಂದರೆ: ಶುಗರ್ ಇರುವವರು ಮುಂದೆ ಏನು ಮಾಡಬೇಕು

ಅಪ್ಪನಿಗೆ ಶುಗರ್ ಬಂದು ಹನ್ನೊಂದು ವರ್ಷ ಆಗಿತ್ತು. ಪ್ರತಿ ವರ್ಷ ಮೂತ್ರ ಪರೀಕ್ಷೆ ಮಾಡಿಸುತ್ತಿದ್ದೆವು. ರಿಪೋರ್ಟಿನಲ್ಲಿ ಪ್ರೋಟೀನ್ ಎದುರಿಗೆ 'ನಿಲ್' ಅಂತ ಇರುತ್ತಿತ್ತು. ಕ್ರಿಯಾಟಿನಿನ್, ಅಂದರೆ ಕಿಡ್ನಿ ರಕ್ತದಿಂದ ಹೊರಗೆ ಹಾಕಬೇಕಾದ ಕಸ, 1.1. ಕಿಡ್ನಿ ಚೆನ್ನಾಗಿದೆ ಎಂದು ನಾವು ನೆಮ್ಮದಿಯಾಗಿದ್ದೆವು. ಒಂದು ದಿನ ಕಣ್ಣಿನ ಡಾಕ್ಟರು ಅಪ್ಪನ ರೆಟಿನಾದಲ್ಲಿ ಸಣ್ಣ ರಕ್ತದ ಚುಕ್ಕೆಗಳನ್ನು ನೋಡಿದರು. 'ಯೂರಿನ್ ಎಸಿಆರ್ ಮಾಡಿಸಿದ್ದೀರಾ?' ಎಂದು ಕೇಳಿದರು. ಆ ಹೆಸರನ್ನೇ ನಾವು ಕೇಳಿರಲಿಲ್ಲ. ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಮೂತ್ರಕ್ಕೆ ಎಷ್ಟು ಸೋರುತ್ತಿದೆ ಎಂದು ಅಳೆಯುವ ಪರೀಕ್ಷೆ ಅದು. ಮಾಡಿಸಿದಾಗ 118 ಬಂತು. 30ರ ಒಳಗೆ ಇರಬೇಕಿತ್ತು.

ಆ ರಾತ್ರಿ ಅಮ್ಮ ಕೇಳಿದ್ದು ಒಂದೇ ಮಾತು: 'ಹಾಗಾದ್ರೆ ಡಯಾಲಿಸಿಸ್ ಮಾಡಿಸಬೇಕಾಗುತ್ತಾ?'

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಆರು ವರ್ಷ ಅಪ್ಪನ ಫೈಲ್ ಹಿಡಿದು ಓಡಾಡಿದ್ದೇನೆ. ನಾನು ಡಾಕ್ಟರ್ ಅಲ್ಲ. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು ಎಲ್ಲ ನಿಮ್ಮ ಡಾಕ್ಟರನ್ನು ಕೇಳಿಯೇ ಆಗಬೇಕು. ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಹಂತದಲ್ಲಿ ಗೊತ್ತಾದವರಲ್ಲಿ ಹೆಚ್ಚಿನವರು ಡಯಾಲಿಸಿಸ್ ತನಕ ಹೋಗುವುದಿಲ್ಲ. ಅವರಿಗೆ ದೊಡ್ಡ ಅಪಾಯ ಇರುವುದು ಹೃದಯದಲ್ಲಿ ಮತ್ತು ಮೆದುಳಿನಲ್ಲಿ. ಕಿಡ್ನಿಯಲ್ಲಿ ಕಂಡ ಸೋರಿಕೆ ಮೈಯಲ್ಲಿರುವ ಎಲ್ಲ ರಕ್ತನಾಳಗಳ ಸುದ್ದಿ. ಅದನ್ನು ಹಾಗೆ ಓದಿಕೊಂಡರೆ ಮುಂದೆ ಏನು ಮಾಡಬೇಕು ಎಂಬುದು ತಾನಾಗಿಯೇ ಬದಲಾಗುತ್ತದೆ.

1. ಸರಿಯಾದ ಎರಡು ಪರೀಕ್ಷೆ ಆಗಿದೆಯಾ ನೋಡಿ

ನಮ್ಮಲ್ಲಿ 'ಯೂರಿನ್ ಟೆಸ್ಟ್' ಅಂದರೆ ಹೆಚ್ಚಾಗಿ ಒಂದು ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಪರೀಕ್ಷೆ. ಸೋರಿಕೆ ಜೋರಾದ ಮೇಲೆ ಅದು ಬಣ್ಣ ಬದಲಿಸುತ್ತದೆ. ಶುರುವಿನ ಸಣ್ಣ ಸೋರಿಕೆ ಅದಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಅಪ್ಪನ ವಿಷಯದಲ್ಲಿ ಆಗಿದ್ದು ಇದೇ. 'ನಿಲ್' ಸುಳ್ಳಾಗಿರಲಿಲ್ಲ, ಆ ಪರೀಕ್ಷೆಗೆ ಅಷ್ಟೇ ಗೊತ್ತಾಗುತ್ತಿತ್ತು.

ಬೇಕಾದದ್ದು ಎಸಿಆರ್. ಮೂತ್ರದಲ್ಲಿ ಅಲ್ಬುಮಿನ್ ಎಷ್ಟು, ಕ್ರಿಯಾಟಿನಿನ್ ಎಷ್ಟು ಎಂದು ಅಳೆದು ಒಂದನ್ನು ಇನ್ನೊಂದರಿಂದ ಭಾಗಿಸುತ್ತಾರೆ. ನೀರು ಜಾಸ್ತಿ ಕುಡಿದಿದ್ದರೂ ಕಡಿಮೆ ಕುಡಿದಿದ್ದರೂ ಲೆಕ್ಕ ತಪ್ಪಬಾರದು ಎಂದು ಹೀಗೆ ಮಾಡುತ್ತಾರೆ. ಲ್ಯಾಬಿನಲ್ಲಿ 'ಮೈಕ್ರೋಅಲ್ಬುಮಿನ್' ಎಂದು ಕೇಳಿದರೆ ಗೊತ್ತಾಗುತ್ತದೆ. ಆದರೆ ಕ್ರಿಯಾಟಿನಿನ್ ಜೊತೆಗಿನ ಅನುಪಾತವೇ ಬೇಕು ಎಂದು ಹೇಳಿ. ಬೆಳಗಿನ ಮೊದಲ ಮೂತ್ರ ಒಳ್ಳೆಯದು. 24 ಗಂಟೆ ಕ್ಯಾನಿನಲ್ಲಿ ಹಿಡಿದಿಡಬೇಕಾಗಿಲ್ಲ.

ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಅಲ್ಬುಮಿನ್ ಇದ್ದರೆ ಸರಿ. 30ರಿಂದ 300ರ ನಡುವೆ ಇದ್ದರೆ ಶುರುವಿನ ಸೋರಿಕೆ. 300 ದಾಟಿದರೆ ಜೋರು ಸೋರಿಕೆ. ಕೆಲವು ಲ್ಯಾಬುಗಳು ಬೇರೆ ಮಾಪನದಲ್ಲಿ ಕೊಡುತ್ತವೆ. ಅಲ್ಲಿ ಗಡಿ 3 ಮತ್ತು 30 ಇರುತ್ತದೆ. ಅಂಕಿಯ ಪಕ್ಕದಲ್ಲಿ ಏನು ಬರೆದಿದೆ ನೋಡದೆ ಹೋಲಿಸಬೇಡಿ.

ಎರಡನೆಯದು ಇಜಿಎಫ್‌ಆರ್. ರಕ್ತದ ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಸೇರಿಸಿ ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿದೆ ಎಂದು ಅಂದಾಜು ಮಾಡುವ ಲೆಕ್ಕ ಇದು. ಬರೀ ಕ್ರಿಯಾಟಿನಿನ್ ನೋಡಿದರೆ ಯಾಕೆ ಸಾಲದು ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 61 ವರ್ಷದ ಗಂಡಸಿನ ಕ್ರಿಯಾಟಿನಿನ್ 1.1 ಇದ್ದರೆ ಇಜಿಎಫ್‌ಆರ್ ಸುಮಾರು 76. ಅದೇ ವಯಸ್ಸಿನ ಹೆಂಗಸಿನ ಕ್ರಿಯಾಟಿನಿನ್ ಅದೇ 1.1 ಇದ್ದರೆ ಸುಮಾರು 57. ಇಬ್ಬರ ರಿಪೋರ್ಟಿನಲ್ಲೂ ಅಂಕಿ ಕೆಂಪಾಗಿರುವುದಿಲ್ಲ. ಆದರೆ ಆಕೆಯ ಇಜಿಎಫ್‌ಆರ್ 60ರ ಕೆಳಗಿದೆ, ಅಂದರೆ ಕಿಡ್ನಿ ಕಾಯಿಲೆ ಆಗಲೇ ಮೂರನೇ ಹಂತಕ್ಕೆ ಬಂದಿದೆ. ನಮ್ಮ ಅಮ್ಮಂದಿರ, ಅತ್ತೆಯಂದಿರ ರಿಪೋರ್ಟುಗಳಲ್ಲಿ ಈ ವಿಷಯ ಹೀಗೇ ತಪ್ಪಿಹೋಗುತ್ತದೆ. ಮನೆಯ ಹೆಂಗಸರ ಹಳೇ ರಿಪೋರ್ಟುಗಳನ್ನು ಇವತ್ತೇ ಒಮ್ಮೆ ತೆಗೆದು ನೋಡಿ.

ಟೈಪ್ 2 ಶುಗರ್ (ಹೆಚ್ಚಾಗಿ ದೊಡ್ಡವರಾದ ಮೇಲೆ ಬರುವುದು) ಇದ್ದವರಿಗೆ ಕಾಯಿಲೆ ಗೊತ್ತಾದ ದಿನದಿಂದಲೇ ಈ ಎರಡೂ ಪರೀಕ್ಷೆ ವರ್ಷಕ್ಕೊಮ್ಮೆ ಆಗಬೇಕು. ಟೈಪ್ 1 (ದೇಹ ಇನ್ಸುಲಿನ್ ತಯಾರಿಸದೇ ಬರುವುದು) ಇದ್ದವರಿಗೆ ಐದು ವರ್ಷ ಆದ ಮೇಲೆ ಪ್ರತಿ ವರ್ಷ. ಮೂತ್ರದಲ್ಲಿ ನೊರೆ ಬರಲಿ, ಕಾಲು ಊದಲಿ ಎಂದು ಕಾಯುವುದು ಬೇಡ. ಈ ಹಂತದಲ್ಲಿ ಅವು ಕಾಣಿಸಿಕೊಳ್ಳುವುದೇ ಕಡಿಮೆ.

2. ಒಂದೇ ರಿಪೋರ್ಟ್ ನಂಬಬೇಡಿ

ಜ್ವರ, ಉರಿಮೂತ್ರ, ಮುಟ್ಟಿನ ದಿನಗಳು, ಹಿಂದಿನ ದಿನ ತುಂಬಾ ಮೈ ದಣಿಸಿದ್ದು, ವಿಪರೀತ ಏರಿದ ಶುಗರ್ ಅಥವಾ ಬಿಪಿ, ಇವೆಲ್ಲ ಎಸಿಆರ್ ಅನ್ನು ಸುಮ್ನೆ ಏರಿಸುತ್ತವೆ. ಅದಕ್ಕೇ ಮೂರರಿಂದ ಆರು ತಿಂಗಳ ಒಳಗೆ ಮೂರು ಸಲ ಮಾಡಿಸಿ, ಎರಡು ಸಲವಾದರೂ 30ರ ಮೇಲೆ ಬಂದರೆ ಖಚಿತ ಎನ್ನುತ್ತಾರೆ. ಅಪ್ಪನಿಗೆ 118, ಆಮೇಲೆ 74, ಆಮೇಲೆ 131 ಬಂತು. 74 ಬಂದ ದಿನ ನಾವು ಸಿಹಿ ಹಂಚುವುದೊಂದು ಬಾಕಿ. ಈ ಅಂಕಿ ಹೀಗೇ ಏರಿಳಿಯುತ್ತಿರುತ್ತದೆ. ಒಂದು ರಿಪೋರ್ಟಿಗೆ ಹೆದರುವುದೂ ಬೇಡ, ಒಂದು ರಿಪೋರ್ಟಿಗೆ ಹಿಗ್ಗುವುದೂ ಬೇಡ.

3. ಒಳಗೆ ಏನಾಗುತ್ತಿದೆ ಎಂದು ತಿಳಿದುಕೊಳ್ಳಿ

ಈ ಭಾಗವನ್ನು ನಿಧಾನಕ್ಕೆ ಓದಿ. ಇದು ಅರ್ಥವಾದರೆ ಮುಂದೆ ಡಾಕ್ಟರು ಕೊಡುವ ಮಾತ್ರೆ ಯಾಕೆ ಎಂಬುದೂ ಅರ್ಥವಾಗುತ್ತದೆ.

ಒಂದೊಂದು ಕಿಡ್ನಿಯಲ್ಲಿ ನೆಫ್ರಾನ್ ಎಂಬ ಸಣ್ಣ ಸೋಸುವ ಘಟಕಗಳು ಸುಮಾರು 10 ಲಕ್ಷ ಇವೆ. ಪ್ರತಿಯೊಂದರ ತುದಿಯಲ್ಲಿ ಕೂದಲಿಗಿಂತ ತೆಳುವಾದ ರಕ್ತನಾಳಗಳು ದಾರದ ಉಂಡೆಯ ಹಾಗೆ ಸುತ್ತಿಕೊಂಡಿವೆ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಹತ್ತಿರಹತ್ತಿರ ಐದನೇ ಒಂದು ಭಾಗ ಈ ಎರಡು ಕಿಡ್ನಿಗಳಿಗೇ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಹೆಚ್ಚುಕಡಿಮೆ ಎಲ್ಲವನ್ನೂ ವಾಪಸ್ ಎಳೆದುಕೊಂಡು, ಒಂದೆರಡು ಲೀಟರನ್ನಷ್ಟೇ ಮೂತ್ರವಾಗಿ ಹೊರಗೆ ಬಿಡುತ್ತವೆ. ಅಂದರೆ ಕಿಡ್ನಿ ಅನ್ನುವುದು ದೊಡ್ಡದೊಂದು ರಕ್ತನಾಳಗಳ ಗಂಟು. ರಕ್ತನಾಳಕ್ಕೆ ಏನಾದರೂ ಆದರೆ ಇಲ್ಲಿ ಬೇಗ ಗೊತ್ತಾಗುತ್ತದೆ.

ರಕ್ತನಾಳದ ಒಳಗೋಡೆಗೆ ಒಂದು ತೆಳು ಪದರ ಇದೆ, ಎಂಡೋಥೀಲಿಯಂ. ರಕ್ತದಲ್ಲಿ ಸಕ್ಕರೆ ಜಾಸ್ತಿಯಾದಾಗ ದೇಹದ ಬಹಳಷ್ಟು ಜೀವಕೋಶಗಳು ಬಾಗಿಲು ಹಾಕಿಕೊಳ್ಳುತ್ತವೆ. ಈ ಪದರದ ಜೀವಕೋಶಗಳಿಗೆ ಅದು ಆಗುವುದಿಲ್ಲ. ಹೊರಗೆ ಎಷ್ಟಿದೆಯೋ ಅಷ್ಟೂ ಒಳಗೆ ನುಗ್ಗುತ್ತದೆ. ಆಗ ನಾಳವನ್ನು ಸಡಿಲವಾಗಿ ಇಡುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ. ಒಳಗೋಡೆಯ ನುಣುಪು ಹೋಗುತ್ತದೆ. ಸಕ್ಕರೆ ಪ್ರೋಟೀನುಗಳಿಗೆ ಅಂಟಿಕೊಂಡು ಗೋಡೆ ದಪ್ಪವಾಗಿ, ಬಿರುಸಾಗುತ್ತಾ ಹೋಗುತ್ತದೆ. ನೀವು ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಅಳೆಯುವುದೂ ಇಂಥದ್ದೇ ಅಂಟುವಿಕೆಯನ್ನು. ಅದು ಹಿಮೋಗ್ಲೋಬಿನ್ ಮೇಲೆ ಅಂಟಿದ ಸಕ್ಕರೆ. ಅದೇ ಸಮಯದಲ್ಲಿ ನಾಳಗಳ ಗೋಡೆಯ ಮೇಲೂ ಅಂಟುತ್ತಿರುತ್ತದೆ.

ಕಿಡ್ನಿಯ ಉಂಡೆಯಲ್ಲಿ ಈ ಗೋಡೆಯೇ ಜರಡಿ. ಜರಡಿ ಕೆಟ್ಟಾಗ ಅಲ್ಬುಮಿನ್ ಮೂತ್ರಕ್ಕೆ ಸೋರುತ್ತದೆ. ಡೆನ್ಮಾರ್ಕಿನ ಸ್ಟೆನೋ ಎಂಬ ಡಯಾಬಿಟಿಸ್ ಆಸ್ಪತ್ರೆಯ ಡಾಕ್ಟರುಗಳು 1989ರಲ್ಲೇ ಒಂದು ಮಾತು ಹೇಳಿದ್ದರು. ಮೂತ್ರದಲ್ಲಿ ಅಲ್ಬುಮಿನ್ ಕಂಡರೆ ಹೃದಯದ, ಕಣ್ಣಿನ, ಮೆದುಳಿನ ನಾಳಗಳ ಒಳಪದರವೂ ಹಾಳಾಗುತ್ತಿರುವ ಗುರುತು ಅದು ಎಂದು. ಹೃದಯದ ನಾಳ ಸೋರಿದರೆ ನಮಗೆ ಕಾಣುವುದಿಲ್ಲ. ಕಿಡ್ನಿಯ ನಾಳ ಸೋರಿದರೆ ಬಾಟಲಿಯಲ್ಲಿ ಸಿಗುತ್ತದೆ.

ಇನ್ನೊಂದು ಸಂಗತಿ ಒತ್ತಡ. ಆ ಉಂಡೆಗೆ ರಕ್ತ ಒಂದು ನಾಳದಿಂದ ಒಳಗೆ ಬರುತ್ತದೆ, ಇನ್ನೊಂದರಿಂದ ಹೊರಗೆ ಹೋಗುತ್ತದೆ. ಎರಡು ನಲ್ಲಿ ಅಂದುಕೊಳ್ಳಿ. ಶುಗರ್ ಜಾಸ್ತಿ ಇರುವವರಲ್ಲಿ ಒಳಬರುವ ನಲ್ಲಿ ಅಗಲವಾಗಿ ತೆರೆದುಕೊಳ್ಳುತ್ತದೆ, ಹೊರಹೋಗುವ ನಲ್ಲಿ ಬಿಗಿಯಾಗುತ್ತದೆ. ಮಧ್ಯದಲ್ಲಿರುವ ಉಂಡೆಯ ಮೇಲೆ ಒತ್ತಡ ಏರುತ್ತದೆ. ಹಾಗಾಗಿ ಶುರುವಿನಲ್ಲಿ ಕಿಡ್ನಿ ಮಾಮೂಲಿಗಿಂತ ಜಾಸ್ತಿಯೇ ಸೋಸುತ್ತದೆ. ಇಜಿಎಫ್‌ಆರ್ 120, 130 ಕೂಡ ಬರಬಹುದು. ನೋಡಿದವರು ಬಹಳ ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ನಿಜಕ್ಕೂ ಅದು ಹೆಚ್ಚು ಭಾರ ಎಳೆಯುತ್ತಿರುವ ಎತ್ತು. ಕೆಲವು ನೆಫ್ರಾನ್ ಸೋತು ಮುಚ್ಚಿಕೊಂಡ ಮೇಲೆ ಉಳಿದವುಗಳ ಹೆಗಲಿಗೆ ಇನ್ನಷ್ಟು ಭಾರ ಬೀಳುತ್ತದೆ.

4. ಮುಂದೇನು ಎಂದು ಅಂದಾಜು ಮಾಡುವುದು ಹೇಗೆ

ಅಮ್ಮನ ಪ್ರಶ್ನೆ ಇಲ್ಲಿಗೆ ಬರುತ್ತದೆ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಹಳೇ ರಿಪೋರ್ಟುಗಳನ್ನೆಲ್ಲ ಹರವಿ, ತಾರೀಖು, ಕ್ರಿಯಾಟಿನಿನ್, ಇಜಿಎಫ್‌ಆರ್, ಎಸಿಆರ್, ಬಿಪಿ, ಎಚ್‌ಬಿಎ1ಸಿ, ಪೊಟ್ಯಾಸಿಯಂ ಎಲ್ಲವನ್ನೂ ಸಾಲಾಗಿ ಬರೆಯಿರಿ. ಹಳೇ ರಿಪೋರ್ಟಿನಲ್ಲಿ ಇಜಿಎಫ್‌ಆರ್ ಇಲ್ಲದಿದ್ದರೆ ಆಗಿನ ವಯಸ್ಸು ಹಾಕಿ ಲೆಕ್ಕ ಮಾಡಿಸಿಕೊಳ್ಳಬಹುದು. ಯಾವ ಹಂತ ಎನ್ನುವುದಕ್ಕಿಂತ ಎಷ್ಟು ವೇಗವಾಗಿ ಇಳಿಯುತ್ತಿದೆ ಎನ್ನುವುದೇ ಮುಖ್ಯ.

ನಲವತ್ತರ ಮೇಲೆ ಯಾರಿಗಾದರೂ ಇಜಿಎಫ್‌ಆರ್ ವರ್ಷಕ್ಕೆ ಒಂದರಷ್ಟು ಇಳಿಯುತ್ತದೆ. ವರ್ಷಕ್ಕೆ 5ಕ್ಕಿಂತ ಜಾಸ್ತಿ ಇಳಿಯುತ್ತಾ ಹೋದರೆ ಅದು ವೇಗದ ಇಳಿತ. ಲೆಕ್ಕ ಹಾಕಿ ನೋಡಿ. ಇಜಿಎಫ್‌ಆರ್ 72 ಇರುವವರಿಗೆ ವರ್ಷಕ್ಕೆ 5 ಇಳಿದರೆ, ಡಯಾಲಿಸಿಸ್ ಮಾತು ಶುರುವಾಗುವ 15ಕ್ಕೆ ಬರಲು ಸುಮಾರು 11 ವರ್ಷ. ವರ್ಷಕ್ಕೆ ಒಂದೂವರೆ ಇಳಿದರೆ 38 ವರ್ಷ. 62 ವರ್ಷದವರಿಗೆ ಎರಡನೆಯ ಲೆಕ್ಕ ಅಂದರೆ ನೂರರ ಹತ್ತಿರ. ಶುರುವಿನ ಹಂತದ ಚಿಕಿತ್ಸೆ ಎಂದರೆ ಈ ಇಳಿಜಾರನ್ನು ಮೊದಲನೆಯದರಿಂದ ಎರಡನೆಯದಕ್ಕೆ ತರುವ ಕೆಲಸ.

ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾದ ಯುಕೆಪಿಡಿಎಸ್ ಎಂಬ ದೊಡ್ಡ ಅಧ್ಯಯನ ಟೈಪ್ 2 ಶುಗರ್ ಇದ್ದವರನ್ನು ವರ್ಷಗಟ್ಟಲೆ ಗಮನಿಸಿತು. ಶುರುವಿನ ಸೋರಿಕೆ ಇದ್ದ ನೂರು ಜನರಲ್ಲಿ ವರ್ಷಕ್ಕೆ ಸರಾಸರಿ 2.8 ಜನ ಜೋರು ಸೋರಿಕೆಯ ಹಂತಕ್ಕೆ ಹೋದರು. ಅದೇ ನೂರರಲ್ಲಿ ವರ್ಷಕ್ಕೆ 3 ಜನ ತೀರಿಕೊಂಡರು. ಇಂಥವರ ಸಾವಿಗೆ ದೊಡ್ಡ ಕಾರಣ ಹೃದಯ ಮತ್ತು ರಕ್ತನಾಳದ ಕಾಯಿಲೆಯೇ. ಕಿಡ್ನಿ ಮುಂದಿನ ಹಂತಕ್ಕೆ ಹೋಗುವಷ್ಟೇ ಸಂಭವ ಪ್ರಾಣಕ್ಕೇ ಅಪಾಯ ಆಗುವುದಕ್ಕೂ ಇತ್ತು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಕ್ರಿಯಾಟಿನಿನ್ ಒಂದನ್ನೇ ನೋಡುತ್ತಾ ಕೂತು, ಎದೆ ಬಿಗಿದು ಬಂದದ್ದನ್ನು ಗ್ಯಾಸ್ ಎಂದು ತಳ್ಳಿಹಾಕಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತಿದ್ದೇನೆ.

ಒಳ್ಳೆಯ ಸುದ್ದಿಯೂ ಇದೆ. ಆ ಅಂಕಿಗಳು ಈಗಿನ ಔಷಧಿಗಳು ಬರುವ ಮೊದಲಿನವು. ಮತ್ತೆ ಸೋರಿಕೆ ವಾಪಸ್ ಕಡಿಮೆಯಾಗುತ್ತದೆ. ಅಮೆರಿಕದಲ್ಲಿ ಶುರುವಿನ ಸೋರಿಕೆ ಇದ್ದ ಟೈಪ್ 1 ರೋಗಿಗಳನ್ನು ಆರು ವರ್ಷ ಗಮನಿಸಿದಾಗ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಸೋರಿಕೆ ಇಳಿದಿತ್ತು. 2003ರಲ್ಲಿ ಇದು ಪ್ರಕಟವಾಯಿತು.

ನನಗೆ ಧೈರ್ಯ ಕೊಟ್ಟದ್ದು ಇನ್ನೊಂದು ಅಧ್ಯಯನ, ಅದೇ ಸ್ಟೆನೋದವರದ್ದು. ಟೈಪ್ 2 ಶುಗರ್ ಮತ್ತು ಶುರುವಿನ ಸೋರಿಕೆ ಇದ್ದ 160 ಜನರನ್ನು ಎರಡು ಗುಂಪು ಮಾಡಿದರು. ಅಪ್ಪನಂಥವರೇ ಎಲ್ಲರೂ. ಒಂದು ಗುಂಪಿಗೆ ಆಗಿನ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಶುಗರ್, ಬಿಪಿ, ಕೊಲೆಸ್ಟ್ರಾಲ್, ಊಟ, ನಡಿಗೆ, ಸಿಗರೇಟ್ ಬಿಡಿಸುವುದು ಎಲ್ಲವನ್ನೂ ಒಟ್ಟಿಗೆ ಹಿಡಿದುಕೊಂಡರು. ಸುಮಾರು ಎಂಟು ವರ್ಷ ಹೀಗೆ ನಡೆಯಿತು. ಎರಡನೇ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂಥ ಘಟನೆಗಳ ಅಪಾಯ ಅರ್ಧದಷ್ಟು ಇಳಿಯಿತು. 21 ವರ್ಷ ಆದ ಮೇಲೆ ಮತ್ತೆ ಲೆಕ್ಕ ಹಾಕಿದಾಗ ಆ ಗುಂಪಿನವರು ನಡುಲೆಕ್ಕದಲ್ಲಿ 7.9 ವರ್ಷ ಜಾಸ್ತಿ ಬದುಕಿದ್ದರು. ಸುಮಾರು ಎಂಟು ವರ್ಷದ ಆಯುಸ್ಸು! ಯಾವ ಒಂದು ಮಾತ್ರೆಯಿಂದಲೂ ಅಲ್ಲ, ಎಲ್ಲ ಒಟ್ಟಿಗೆ ಮಾಡಿದ್ದರಿಂದ.

5. ಉಳಿದ ರಕ್ತನಾಳಗಳನ್ನೂ ನೋಡಿಸಿ

ಕಣ್ಣು ಮೊದಲು. ದೇಹದಲ್ಲಿ ಸಣ್ಣ ರಕ್ತನಾಳಗಳನ್ನು ಕೊಯ್ಯದೆ ನೇರವಾಗಿ ನೋಡಬಹುದಾದ ಜಾಗ ರೆಟಿನಾ. ಪಾಪೆ ಅಗಲವಾಗುವ ಹನಿ ಹಾಕಿ ವರ್ಷಕ್ಕೊಮ್ಮೆ ನೋಡಿಸಿ. ಕನ್ನಡಕದ ಅಂಗಡಿಯ ಪರೀಕ್ಷೆ ಇದಕ್ಕೆ ಆಗುವುದಿಲ್ಲ. ಕಣ್ಣಿನ ರಿಪೋರ್ಟನ್ನು ಕಿಡ್ನಿ ಡಾಕ್ಟರಿಗೆ ತಪ್ಪದೆ ತೋರಿಸಿ. ರೆಟಿನಾ ಪೂರ್ತಿ ಚೆನ್ನಾಗಿದ್ದು ಕಿಡ್ನಿ ಮಾತ್ರ ಬೇಗ ಕೆಡುತ್ತಿದ್ದರೆ, ಕಾರಣ ಶುಗರ್ ಅಲ್ಲದೆ ಬೇರೆ ಏನೋ ಇರಬಹುದು ಎಂಬ ಅನುಮಾನ ಅವರಿಗೆ ಬರುತ್ತದೆ. ಮೂತ್ರದಲ್ಲಿ ರಕ್ತ ಕಂಡರೂ ಹಾಗೆಯೇ. ಆಗ ಬಯಾಪ್ಸಿ, ಅಂದರೆ ಕಿಡ್ನಿಯ ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆ, ಬೇಕಾಗಬಹುದು.

ಪಾದದ ನಾಡಿ ಮತ್ತು ಸ್ಪರ್ಶವನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ನಡೆಯುವಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುತ್ತದೆ ಎಂದಾದರೆ ಕಾಲಿನ ನಾಳ ಕಿರಿದಾಗಿರಬಹುದು. ಶುಗರ್ ಇದ್ದವರಿಗೆ ಹೃದಯದ ತೊಂದರೆ ಎದೆನೋವಿಲ್ಲದೆಯೂ ಬರುತ್ತದೆ. ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು, ಕಾರಣವಿಲ್ಲದ ಬೆವರು, ಸುಸ್ತು ಇದ್ದರೆ ಇಸಿಜಿ ಮಾಡಿಸಿ. ಗಂಡಸರಿಗೆ ಒಂದು ಮಾತು: ನಿಮಿರುವಿಕೆಯ ತೊಂದರೆ ಹಲವರಲ್ಲಿ ರಕ್ತನಾಳ ಕೆಡುತ್ತಿರುವ ಮೊದಲ ಗುರುತು. ನಾಚಿಕೆಪಟ್ಟು ಮುಚ್ಚಿಡದೆ ಡಾಕ್ಟರಿಗೆ ಹೇಳಿ.

6. ಮಾತ್ರೆಗಳ ಕೆಲಸ ತಿಳಿದುಕೊಳ್ಳಿ

ಆ ಎರಡು ನಲ್ಲಿಗಳನ್ನು ನೆನಪಿಸಿಕೊಳ್ಳಿ. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್ ಥರದ ಮಾತ್ರೆಗಳನ್ನು ಎಲ್ಲರೂ ಬಿಪಿ ಮಾತ್ರೆ ಎನ್ನುತ್ತಾರೆ. ಅವು ಹೊರಹೋಗುವ ನಲ್ಲಿಯನ್ನು ಸಡಿಲ ಮಾಡುತ್ತವೆ. ಉಂಡೆಯ ಮೇಲಿನ ಒತ್ತಡ ಇಳಿಯುತ್ತದೆ, ಸೋರಿಕೆ ಇಳಿಯುತ್ತದೆ. 2001ರಲ್ಲಿ ಇದೇ ಬಗೆಯ ಇರ್ಬೆಸಾರ್ಟನ್ ಮೇಲೆ ಬಂದ ಒಂದು ಅಧ್ಯಯನದಲ್ಲಿ, ಶುರುವಿನ ಸೋರಿಕೆ ಮತ್ತು ಬಿಪಿ ಎರಡೂ ಇದ್ದವರು ಎರಡು ವರ್ಷ ಈ ಮಾತ್ರೆ ತೆಗೆದುಕೊಂಡರು. 300 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ನೂರಕ್ಕೆ 5 ಜನ ಮಾತ್ರ ಮುಂದಿನ ಹಂತಕ್ಕೆ ಹೋದರು. ಔಷಧವಿಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ 15 ಜನ. ಡೋಸ್ ಕಡಿಮೆ ಇದ್ದಾಗ ಲಾಭವೂ ಕಡಿಮೆ ಇತ್ತು. ಆದ್ದರಿಂದ 'ಬಿಪಿ ಸರಿಯಾಯಿತಲ್ಲ, ಇನ್ನೂ ಯಾಕೆ ಡೋಸ್ ಏರಿಸುತ್ತಾರೆ' ಎಂದು ಗಾಬರಿಯಾಗಬೇಡಿ. ಈ ಎರಡು ಬಗೆಯ ಮಾತ್ರೆಗಳನ್ನು, ಅಂದರೆ ರಾಮಿಪ್ರಿಲ್ ಮತ್ತು ಟೆಲ್ಮಿಸಾರ್ಟನ್ ಥರದವನ್ನು, ಒಟ್ಟಿಗೆ ತೆಗೆದುಕೊಳ್ಳುವುದು ಮಾತ್ರ ಒಳ್ಳೆಯದಲ್ಲ. ಗರ್ಭಿಣಿಯರು, ಮಗು ಬೇಕು ಎನ್ನುತ್ತಿರುವವರು ಇವನ್ನು ತೆಗೆದುಕೊಳ್ಳುವ ಮೊದಲೇ ಡಾಕ್ಟರಿಗೆ ತಿಳಿಸಬೇಕು.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಒಳಬರುವ ನಲ್ಲಿಯನ್ನು ಸ್ವಲ್ಪ ಬಿಗಿ ಮಾಡುತ್ತವೆ. ಶುಗರ್ ಇಳಿಸಲು ಬಂದ ಮಾತ್ರೆಗಳು ಇವು. ಈಗ ಕಿಡ್ನಿ ಮತ್ತು ಹೃದಯ ಉಳಿಸುವ ಔಷಧಿಯಾಗಿವೆ. 2020ರಲ್ಲಿ ಬಂದ ಡಾಪಾ-ಸಿಕೆಡಿ ಅಧ್ಯಯನದಲ್ಲಿ, ಕಿಡ್ನಿ ತೀರಾ ಕೆಡುವುದು ಮತ್ತು ಕಿಡ್ನಿ ಅಥವಾ ಹೃದಯದ ಕಾರಣದ ಸಾವು ಎಲ್ಲ ಸೇರಿಸಿ ನೋಡಿದರೆ ಅಪಾಯ ನೂರಕ್ಕೆ 39ರಷ್ಟು ಇಳಿದಿತ್ತು. ನಮ್ಮ ದೇಶದಲ್ಲಿ ಡಾಪಾಗ್ಲಿಫ್ಲೋಜಿನ್‌ನ ಮೊದಲ ಪೇಟೆಂಟ್ 2020ರಲ್ಲಿ ಮುಗಿಯಿತು, ಎಂಪಾಗ್ಲಿಫ್ಲೋಜಿನ್‌ದು 2025ರ ಮಾರ್ಚ್‌ನಲ್ಲಿ. ಹಾಗಾಗಿ ಈಗ ಕಡಿಮೆ ಬೆಲೆಯ ಜೆನೆರಿಕ್ ಸಿಗುತ್ತದೆ. ದುಬಾರಿ ಎಂದು ಹಿಂದೆ ಬಿಟ್ಟವರು ಮತ್ತೊಮ್ಮೆ ಕೇಳಿ ನೋಡಿ. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಗುಪ್ತಾಂಗದಲ್ಲಿ ಫಂಗಸ್, ತುರಿಕೆ ಬರಬಹುದು. ಮೂತ್ರಕ್ಕೆ ಹೋದ ಮೇಲೆ ನೀರಿನಿಂದ ತೊಳೆದು ಒರೆಸಿಕೊಂಡರೆ ಬಹಳ ಮಟ್ಟಿಗೆ ತಪ್ಪುತ್ತದೆ.

ಆ ಬಿಪಿ ಮಾತ್ರೆಯಾಗಲಿ, ಡಾಪಾಗ್ಲಿಫ್ಲೋಜಿನ್ ಥರದ ಮಾತ್ರೆಯಾಗಲಿ, ಶುರು ಮಾಡಿದ ಮೇಲೆ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ನಮ್ಮ ಮನೆಯಲ್ಲಿ ಇದರಿಂದ ದೊಡ್ಡ ಗಲಾಟೆಯೇ ಆಯಿತು. 1.1 ಇದ್ದದ್ದು 1.25 ಆಯಿತು. ಪಕ್ಕದ ಮನೆಯವರು 'ಮಾತ್ರೆಯೇ ಕಿಡ್ನಿ ತಿನ್ನುತ್ತಿದೆ' ಎಂದರು. ಅಪ್ಪ ಹದಿನೈದು ದಿನ ನುಂಗದೆ ಬಿಟ್ಟರು. ಆಮೇಲೆ ಡಾಕ್ಟರು ವಿವರಿಸಿದರು: ಒತ್ತಡ ಇಳಿದರೆ ಸೋಸುವಿಕೆ ಸ್ವಲ್ಪ ಇಳಿದೇ ಇಳಿಯುತ್ತದೆ, ಎತ್ತಿನ ಭಾರ ಇಳಿಸಿದ್ದೇವೆ ಎಂದು. ಬಿಪಿ ಮಾತ್ರೆಯ ನಂತರ ನೂರಕ್ಕೆ 30ರ ತನಕದ ಏರಿಕೆಗೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ಅದಕ್ಕಿಂತ ಜಾಸ್ತಿಯಾದರೆ ಕಾರಣ ಹುಡುಕಬೇಕು. ಅದಕ್ಕಾಗಿ ಮಾತ್ರೆ ಶುರುವಾದ ಅಥವಾ ಡೋಸ್ ಏರಿದ ಎರಡರಿಂದ ನಾಲ್ಕು ವಾರದೊಳಗೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಮಾಡಿಸಿ.

ಮೂರನೆಯದು ಸ್ಟ್ಯಾಟಿನ್, ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ. ಕೊಲೆಸ್ಟ್ರಾಲ್ ಮಾಮೂಲಿ ಇದ್ದರೂ ಕೊಡುತ್ತಾರೆ, ಯಾಕೆಂದರೆ ಇದು ಹೃದಯದ ನಾಳಕ್ಕಾಗಿ. ಇದಕ್ಕೂ ಮೇಲೆ ಫಿನೆರೆನೋನ್, ಸೆಮಾಗ್ಲುಟೈಡ್ ಎಂಬ ಔಷಧಿಗಳಿವೆ. ಎರಡಕ್ಕೂ ಶುಗರ್ ಜೊತೆಗಿನ ಕಿಡ್ನಿ ಕಾಯಿಲೆಯಲ್ಲಿ ಒಳ್ಳೆಯ ಪುರಾವೆ ಇದೆ. ಯಾರಿಗೆ ಬೇಕು ಎಂಬುದು ಡಾಕ್ಟರ ತೀರ್ಮಾನ. ಮೆಟ್‌ಫಾರ್ಮಿನ್ ಈ ಹಂತದಲ್ಲಿ ಕಿಡ್ನಿ ಕೆಡಿಸುವುದಿಲ್ಲ. ಇಜಿಎಫ್‌ಆರ್ 45ರ ಕೆಳಗೆ ಬಂದರೆ ಡೋಸ್ ಇಳಿಸುತ್ತಾರೆ, 30ರ ಕೆಳಗೆ ನಿಲ್ಲಿಸುತ್ತಾರೆ.

ಗುರಿಗಳು: ಬಿಪಿ 130/80ರ ಒಳಗೆ. ಎಚ್‌ಬಿಎ1ಸಿ ಹೆಚ್ಚಿನವರಿಗೆ 7ರ ಆಸುಪಾಸು. ವಯಸ್ಸಾದವರಿಗೆ, ಶುಗರ್ ತಟ್ಟನೆ ಇಳಿಯುವವರಿಗೆ 8ರ ಹತ್ತಿರ ಇದ್ದರೂ ಸಾಕು ಎನ್ನುತ್ತಾರೆ. ಬಿಪಿಯನ್ನು ಮನೆಯಲ್ಲೇ ನೋಡಿ, ಐದು ನಿಮಿಷ ಸುಮ್ಮನೆ ಕೂತು, ತೋಳಿಗೆ ಸುತ್ತುವ ಯಂತ್ರದಲ್ಲಿ.

7. ಅಡುಗೆಮನೆ

ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಚಿಕ್ಕ ಚಮಚ, ಎಲ್ಲ ಸೇರಿಸಿ. ಉಪ್ಪು ಜಾಸ್ತಿಯಾದರೆ ಟೆಲ್ಮಿಸಾರ್ಟನ್ ಥರದ ಮಾತ್ರೆಯ ಶಕ್ತಿಯೂ ಕುಂದುತ್ತದೆ. ಮುದ್ದೆ, ಅನ್ನದಲ್ಲಿ ಉಪ್ಪಿನ ತೊಂದರೆ ಇಲ್ಲ. ಉಪ್ಪು ಇರುವುದು ಸಾರಿನಲ್ಲಿ. ಎರಡನೇ ಸಲ ಸಾರು ಹಾಕಿಸಿಕೊಳ್ಳುವುದನ್ನು ಬಿಟ್ಟರೆ ಅರ್ಧ ಕೆಲಸ ಆಯಿತು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು, ಬೇಕರಿ ಖಾರ ಇವು ಹಬ್ಬಕ್ಕೆ ಇರಲಿ. ಅಮ್ಮ ಸಾರಿಗೆ ಉಪ್ಪು ಇಳಿಸಿ ಹುಳಿ, ಮೆಣಸು, ಒಗ್ಗರಣೆಯ ಇಂಗು ಸ್ವಲ್ಪ ಏರಿಸಿದರು. ಮೂರು ವಾರದಲ್ಲಿ ನಾಲಿಗೆಗೆ ರೂಢಿಯಾಯಿತು. ಅಂಗಡಿಯಲ್ಲಿ ಸಿಗುವ 'ಕಡಿಮೆ ಸೋಡಿಯಂ' ಉಪ್ಪನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟನ್ ಥರದ ಮಾತ್ರೆಗಳ ಜೊತೆ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು.

ಬೇಳೆ, ಕಾಳು, ಮೊಟ್ಟೆ ಪೂರ್ತಿ ಬಿಟ್ಟು ಸೊರಗುವುದು ಬೇಡ. ಕೆಜಿಗೆ 0.8 ಗ್ರಾಂ ಪ್ರೋಟೀನ್ ಸಾಕು. 60 ಕೆಜಿಯವರಿಗೆ ದಿನಕ್ಕೆ 48 ಗ್ರಾಂ ಆಯಿತು. ಪ್ರೋಟೀನ್ ಪುಡಿ ಬೇಡ. ಪೊಟ್ಯಾಸಿಯಂ ಮಾಮೂಲಿ ಇದ್ದರೆ ಈ ಹಂತದಲ್ಲಿ ಹಣ್ಣು, ಸೊಪ್ಪು ಬಿಡಬೇಕಾಗಿಲ್ಲ. ಬೀಡಿ, ಸಿಗರೇಟ್, ಹೊಗೆಸೊಪ್ಪು ಪೂರ್ತಿ ಬಿಡಬೇಕು. ಇದರಲ್ಲಿ ರಾಜಿ ಇಲ್ಲ.

8. ಮೆಡಿಕಲ್ ಸ್ಟೋರಿನಲ್ಲಿ ಎಚ್ಚರ

ಮಂಡಿನೋವಿಗೆ ಕೌಂಟರಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್ ಕಿಡ್ನಿಗೆ ಬರುವ ರಕ್ತವನ್ನು ಕಡಿಮೆ ಮಾಡುತ್ತವೆ. ಬಿಪಿ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ, ಇದು, ಮೂರೂ ಸೇರಿದರೆ ಕೆಲವೇ ದಿನದಲ್ಲಿ ಕಿಡ್ನಿ ಕುಸಿಯಬಹುದು. ನೋವಿಗೆ ಪ್ಯಾರಾಸಿಟಮಾಲ್, ಮೇಲೆ ಹಚ್ಚುವ ಮುಲಾಮು, ಬಿಸಿಶಾಖ ಸಾಕಾಗುತ್ತದಾ ಎಂದು ಮೊದಲು ನೋಡಿ. 'ಕಿಡ್ನಿ ಶುದ್ಧಿ' ಪುಡಿ, ಏನು ಹಾಕಿದ್ದಾರೆ ಎಂದು ಗೊತ್ತಿಲ್ಲದ ಭಸ್ಮ, ಕಷಾಯ ಬೇಡ. ಕೆಲವದರಲ್ಲಿ ಪಾದರಸ, ಸೀಸ ಸಿಕ್ಕಿವೆ. ಸ್ಕ್ಯಾನಿಗೆ ಡೈ ಹಾಕುವ ಮೊದಲು ನಿಮ್ಮ ಇಜಿಎಫ್‌ಆರ್ ಹೇಳಿ.

9. ವಾಂತಿ, ಭೇದಿ, ಉಪವಾಸದ ದಿನ

ನಾನು ಕಾಗದದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದು ಇದೊಂದನ್ನೇ. ವಾಂತಿ ಭೇದಿಯಾಗಿ ನೀರೂ ನಿಲ್ಲದ ದಿನ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ ಥರದ ಮಾತ್ರೆ, ಟೆಲ್ಮಿಸಾರ್ಟನ್ ಥರದ ಮಾತ್ರೆ, ಮೂತ್ರದ ಮಾತ್ರೆ ಇವನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಹೇಳುತ್ತಾರೆ. ನಿಮಗೆ ಯಾವುದು, ಎಷ್ಟು ದಿನ ಎಂದು ಆರೋಗ್ಯವಾಗಿರುವಾಗಲೇ ಕೇಳಿ ಬರೆಸಿಕೊಳ್ಳಿ. ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು, ಡೋಸ್ ಬಗ್ಗೆ ಫೋನ್ ಮಾಡಿ ಕೇಳಬೇಕು. ಡಾಪಾಗ್ಲಿಫ್ಲೋಜಿನ್ ಅನ್ನು ಆಪರೇಷನ್‌ಗೆ ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸುತ್ತಾರೆ. ಏಕಾದಶಿಯ ನಿರಾಹಾರ, ರಂಜಾನ್ ಉಪವಾಸ ಮಾಡುವವರು ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ. ಡಾಪಾಗ್ಲಿಫ್ಲೋಜಿನ್ ಥರದ ಮಾತ್ರೆ ತೆಗೆದುಕೊಳ್ಳುವಾಗ ವಾಂತಿ, ಹೊಟ್ಟೆನೋವು, ಜೋರು ಉಸಿರು ಬಂದರೆ ಶುಗರ್ 180 ಇದ್ದರೂ ಆಸ್ಪತ್ರೆಗೆ ಹೋಗಿ. ಶುಗರ್ ಅಷ್ಟೊಂದು ಏರದೆಯೇ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ತುಂಬಿರಬಹುದು.

ಮೂತ್ರ ತೀರಾ ಕಡಿಮೆಯಾದರೆ, ಮೂತ್ರ ಕೆಂಪಾಗಿ ಬಂದರೆ, ಮುಖ ಕಾಲು ಊದಿದರೆ, ಮಲಗಿದರೆ ಉಸಿರು ಕಟ್ಟಿದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಇನ್ನೊಂದು ಮೋಸದ ಗುರುತು ಇದೆ. ಅದೇ ಊಟ, ಅದೇ ಇನ್ಸುಲಿನ್ ಇದ್ದು ಶುಗರ್ ಪದೇ ಪದೇ 70ರ ಕೆಳಗೆ ಹೋಗಲು ಶುರುವಾದರೆ ಕಾಯಿಲೆ ವಾಸಿಯಾಗುತ್ತಿದೆ ಎಂದುಕೊಳ್ಳಬೇಡಿ. ಕಿಡ್ನಿ ಸೋತಾಗ ಇನ್ಸುಲಿನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಆ ವಾರವೇ ಕ್ರಿಯಾಟಿನಿನ್ ಮಾಡಿಸಿ.

ವಾಂತಿ ಭೇದಿ ನಿಂತು ಮಾಮೂಲಿ ಊಟ ಶುರುವಾದ ಒಂದೆರಡು ದಿನದಲ್ಲಿ ನಿಲ್ಲಿಸಿದ ಮಾತ್ರೆಗಳನ್ನು ಮತ್ತೆ ಶುರು ಮಾಡಬೇಕು. ಇದನ್ನು ಮರೆತು ತಿಂಗಳುಗಟ್ಟಲೆ ಬಿಟ್ಟವರನ್ನು ನಾನು ಕಂಡಿದ್ದೇನೆ. ನಿಲ್ಲಿಸಿದ ತಾರೀಖಿನ ಪಕ್ಕದಲ್ಲೇ ಮತ್ತೆ ಶುರು ಮಾಡುವ ತಾರೀಖನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ.